ಬಾಲ ತಗ್ಗಿದ ವಿಮಾನ

1912ರ ಮೇ 13ರಂದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮೈದಾನದಲ್ಲಿ ಫ್ಲ್ಯಾಂಡರ್ಸ್ ವಿಮಾನವೊಂದು ತಿರುಗುತ್ತಿದ್ದಾಗ ನೆಲಕ್ಕೆ ಬಿದ್ದಿತು. ಚಾಲಕ ಫಿಷರನೂ ಅವನೊಡನಿದ್ದ ವಿಕ್ಟರ್ ಮೇಸನನೂ ಮಡಿದರು. ಆ ಕಾಲದಲ್ಲಿ ಇಂತಹ ಸಾವುಗಳು ಅಪರೂಪವಾಗಿರಲಿಲ್ಲ. 1910ರಲ್ಲಿ ಚಾರ್ಲ್ಸ್ ರೋಲ್ಸನು ಬೋರ್ನ್‌ಮತ್‌ನಲ್ಲಿ ವಿಮಾನದ ಬಾಲ ಮುರಿದು ಸತ್ತಿದ್ದನು. ಆದರೆ ಈ ಸಲ ವೈಮಾನಿಕರ ಸಂಘವಾದ ರಾಯಲ್ ಏರೋ ಕ್ಲಬ್ಬೇ ಸಮಿತಿಯ ಮೂಲಕ ವಿಚಾರಣೆ ನಡೆಯಿಸಿ ವರದಿಯನ್ನು ಹೊರತಂದಿತು. ಬಾಲ ತಗ್ಗಿದ್ದ ವಿಮಾನವನ್ನು ತಿರುಗಿಸುವ ಅಪಾಯವನ್ನು ಚಾಲಕನು ಅರಿಯಲಿಲ್ಲವೆಂದು ಸಮಿತಿ ನಿರ್ಣಯಿಸಿತು. ಸತ್ತವನನ್ನು ಕುರಿತ ಈ ಮಾತು ಕಠೋರವೇ ಸರಿ; ಬದುಕಿದ್ದ ಚಾಲಕರಿಗೆ ಬೇಕಾಗಿದ್ದುದೂ ಅದೇ.

ಅಪಾಯವೇನು? ನೇರವಾಗಿ ಹಾರುವಾಗ ರೆಕ್ಕೆಗಳ ಎತ್ತುವ ಬಲವೆಲ್ಲವೂ ವಿಮಾನದ ಭಾರವನ್ನು ಹೊರುತ್ತದೆ. ಓರೆಯಾಗಿ ತಿರುಗುವಾಗ ಆ ಬಲವೂ ಓರೆಯಾಗಿ, ಅದರ ಒಂದು ಪಾಲು ತಿರುಗಿಸುವುದಕ್ಕೇ ವ್ಯಯವಾಗುತ್ತದೆ. 45 ಡಿಗ್ರಿಗಳಷ್ಟು ಓರೆಯಾದರೆ, ಎತ್ತರವನ್ನು ಉಳಿಸಿಕೊಳ್ಳಲು ಭಾರದ ಸುಮಾರು 1.4ರಷ್ಟು ಬಲ ಬೇಕು. ಬಾಲ ತಗ್ಗಿಸಿ, ಮೂತಿಯೆತ್ತಿ, ವೇಗ ಕುಂದಿದ ವಿಮಾನಕ್ಕೆ ಅದು ಎಲ್ಲಿಂದ ಬರಬೇಕು? ತಗ್ಗಿದ ರೆಕ್ಕೆಯ ಕಡೆಗೆ ಅದು ಜಾರುತ್ತದೆ. ಸಾಕಷ್ಟು ಎತ್ತರವಿದ್ದರೆ ಮೂತಿಯನ್ನು ಇಳಿಸಿ, ವೇಗ ಪಡೆದು ಚೇತರಿಸಿಕೊಳ್ಳಬಹುದು. ನೆಲ ಸಮೀಪದಲ್ಲಿದ್ದರೆ ಅದಕ್ಕೂ ಅವಕಾಶವಿಲ್ಲ.

1915ರಲ್ಲಿ ಬ್ರಿಟಿಷ್ ಸೇನೆಯ ವಾಯುದಳವು ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ಶಾಖೆಯನ್ನು ತೆರೆಯಿತು.