ವಿಮಾನದೊಳಗಣ ಮಾತು: ಇಂಟರ್‌ಕಾಮ್ ಮತ್ತು ಧ್ವನಿನಿಯಂತ್ರಣ ಫಲಕವನ್ನು ಕುರಿತು

ಯಂತ್ರೋಪಕರಣಗಳ ವಿಚಾರವು ಇತಿಹಾಸ ವ್ಯಾಸಂಗಕ್ಕೆ ಹೊರಗಿನದೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಆಡಿದ ಮಾತು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದು ಇತಿಹಾಸಕಾರನ ನಿತ್ಯದ ಪ್ರಶ್ನೆಯೇ ಆಗಿದೆ. ವಿಮಾನದಲ್ಲಿ ಈ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಒಂದು ಚಿಕ್ಕ ಫಲಕದ ಗುಂಡಿಗಳನ್ನು ಅವಲಂಬಿಸಿರುತ್ತದೆ. ಅದರ ಹುಟ್ಟನ್ನೂ ಕಾರ್ಯವಿಧಾನವನ್ನೂ ಮಿತಿಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಮೊದಲಿನ ತೆರೆದ ವಿಮಾನಗಳಲ್ಲಿ ಎಂಜಿನ್ನಿನ ಆರ್ಭಟದ ನಡುವೆ ಶಿಕ್ಷಕನು ಶಿಷ್ಯನಿಗೆ ಕೂಗಿ ಹೇಳಬೇಕಾಗಿತ್ತು, ಇಲ್ಲವೇ ಕೈಸನ್ನೆ ಮಾಡಬೇಕಾಗಿತ್ತು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಸ್ಥಾಪಿಸಿದ ತರಬೇತಿ ಶಾಲೆಯಲ್ಲಿ ಇದಕ್ಕೊಂದು ಪರಿಹಾರ ಬಳಕೆಗೆ ಬಂದಿತು. ಅದು ಮಾತನ್ನು ಶಿಷ್ಯನ ಶಿರಸ್ತ್ರಾಣದ ಕಿವಿಗಳಿಗೆ ಒಯ್ಯುವ ಕೊಳವೆ. ಇದರಲ್ಲಿ ವಿದ್ಯುತ್ತಿನ ಸಂಬಂಧವೇ ಇರಲಿಲ್ಲ. ಮುಂದೆ ಅಮೆರಿಕದ ಸ್ಟಿಯರ್ಮನ್ ತರಬೇತಿ ವಿಮಾನಗಳಲ್ಲಿ ಈ ಬಗೆಯ ಕೊಳವೆಯು ಏಕಮುಖವಾಗಿತ್ತು: ಶಿಕ್ಷಕನು ಹೇಳುವನು, ಶಿಷ್ಯನು ಕೇಳುವನು, ಉತ್ತರವೇನಿದ್ದರೂ ತಲೆಯಾಡಿಸುವುದರಲ್ಲಿಯೇ.

ದ್ವಿತೀಯ ಮಹಾಯುದ್ಧದ ಕಾಲಕ್ಕೆ ವಿದ್ಯುತ್ ಇಂಟರ್‌ಕಾಮ್ ಅನಿವಾರ್ಯವಾಗಿತ್ತು. ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಏಳು ಮಂದಿ ಇರುತ್ತಿದ್ದರು. ಬಾಲದ ತುದಿಯ ಗೋಪುರದಲ್ಲಿ ಏಕಾಂಗಿಯಾಗಿ ಕುಳಿತ ಗನ್ನರನಿಗೆ ಉಳಿದವರೊಡನೆ ಇದ್ದ ಮುಖ್ಯ ಸಂಪರ್ಕ ಆ ತಂತಿಯೇ. ಹಿಂದಿನಿಂದ ಶತ್ರುವಿಮಾನ ಬಂದರೆ ಅವನ ಎಚ್ಚರಿಕೆ ಅದರ ಮೂಲಕವೇ ಚಾಲಕನನ್ನು ಮುಟ್ಟಬೇಕಾಗಿತ್ತು.

ಇಂದಿನ ಸಣ್ಣ ವಿಮಾನಗಳ ಧ್ವನಿನಿಯಂತ್ರಣ ಫಲಕದ ಮೂಲತತ್ತ್ವ ಸರಳವಾದುದು: ಕೇಳುವುದು ಬೇರೆ, ಹೇಳುವುದು ಬೇರೆ. ಚಾಲಕನು ಏಕಕಾಲದಲ್ಲಿ ಎರಡು ರೇಡಿಯೋಗಳನ್ನೂ ದಾರಿ ತೋರುವ ಉಪಕರಣಗಳ ಸಂಕೇತಗಳನ್ನೂ ಕೇಳಬಹುದು. ಆದರೆ ಸಾಮಾನ್ಯವಾಗಿ ಅವನ ಮಾತು ಒಂದೇ ರೇಡಿಯೋದಿಂದ ಹೊರಹೋಗುತ್ತದೆ. ಆದುದರಿಂದ ಕೇಳುವ ಗುಂಡಿಗಳ ಸಾಲೊಂದು, ಮೈಕ್ರೋಫೋನಿನ ಆಯ್ಕೆ ಮತ್ತೊಂದು. ಹಿಡಿಕೆಯ ಮೇಲಿನ ಗುಂಡಿಯನ್ನು ಒತ್ತಿದಾಗ ಮಾತ್ರ ಮಾತು ಆಕಾಶಕ್ಕೆ ಹೋಗುತ್ತದೆ. ಒತ್ತದಿದ್ದಾಗ ಒಳಗಿನವರಿಗಷ್ಟೇ ಕೇಳುತ್ತದೆ. ಮಾತಿಲ್ಲದಾಗ ಎಂಜಿನ್ನಿನ ಸದ್ದು ಕಿವಿಗೆ ಬೀಳದಂತೆ ತಡೆಯುವ ತಿರುಪೊಂದಿದೆ. ಅದನ್ನು ಅತಿಯಾಗಿ ಬಿಗಿಮಾಡಿದರೆ ಮಾತಿನ ಮೊದಲಕ್ಷರಗಳೇ ಕತ್ತರಿಸಿಹೋಗುವುವು; ಸಡಿಲಬಿಟ್ಟರೆ ಸದ್ದೆಲ್ಲ ಒಳನುಗ್ಗುವುದು. ಪ್ರಯಾಣಿಕರ ಹರಟೆಯಿಂದ ಚಾಲಕನನ್ನು ಬೇರ್ಪಡಿಸುವ ಏರ್ಪಾಡೂ ಉಂಟು. ಅನೇಕ ಫಲಕಗಳಲ್ಲಿ, ಫಲಕಕ್ಕೆ ವಿದ್ಯುತ್ತು ನಿಂತುಹೋದರೆ, ಚಾಲಕನ ಹೆಡ್‌ಫೋನು ತಾನಾಗಿ ಮೊದಲನೆಯ ರೇಡಿಯೋಗೆ ನೇರವಾಗಿ ಸೇರಿಕೊಳ್ಳುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಒಂದೇ ಆವರ್ತನದಲ್ಲಿ ಇಬ್ಬರು ಏಕಕಾಲದಲ್ಲಿ ಗುಂಡಿ ಒತ್ತಿದರೆ ಎರಡು ಮಾತುಗಳೂ ಕೆಟ್ಟು ಕೀರಲು ಶಬ್ದವಾಗಿ ಕೇಳಬಹುದು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೊಡಿಯೊಸ್ ನಿಲ್ದಾಣದಲ್ಲಿ ನಡೆದುದು ಇದೇ. ಮಂಜು ಕವಿದಿದ್ದ ಓಡುದಾರಿಯ ತುದಿಯಲ್ಲಿ ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ಮೇಲೇರಲು ಹೊರಟಿತ್ತು. ಅದೇ ದಾರಿಯ ಮೇಲೆ ಪ್ಯಾನ್ ಅಮೆರಿಕನ್ ಸಂಸ್ಥೆಯ 747 ಇನ್ನೂ ಚಲಿಸುತ್ತಿತ್ತು. ಕಾಯಬೇಕೆಂದು ಗೋಪುರದ ನಿಯಂತ್ರಕನೂ, ತಾವಿನ್ನೂ ಓಡುದಾರಿಯಲ್ಲಿಯೇ ಇದ್ದೇವೆಂದು ಪ್ಯಾನ್ ಅಮೆರಿಕನ್ ಸಿಬ್ಬಂದಿಯೂ ಒಟ್ಟಿಗೆ ನುಡಿದರು. ಕೆಎಲ್‌ಎಂ ಚಾಲಕರಿಗೆ ಸುಮಾರು ನಾಲ್ಕು ಸೆಕೆಂಡುಗಳ ಕೀರಲು ಕೇಳಿತು.

ಇನ್ನೂ ಒಂದು ಅವಕಾಶವಿತ್ತು. ಅನಂತರದ ಸಂಭಾಷಣೆಯನ್ನು ಕೇಳಿಸಿಕೊಂಡ ಕೆಎಲ್‌ಎಂ ವಿಮಾನದ ಎಂಜಿನಿಯರನು, ಆ ವಿಮಾನವು ದಾರಿಯಿಂದ ತೊಲಗಿಲ್ಲವೇ ಎಂದು ಸಂಶಯಪಟ್ಟು ಕೇಳಿದನು. ಹಿರಿಯ ಚಾಲಕನು ತೊಲಗಿದೆಯೆಂದು ದೃಢವಾಗಿ ಉತ್ತರಿಸಿದನು, ವಿಮಾನ ನಿಲ್ಲಲಿಲ್ಲ. ಎರಡೂ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಮಡಿದರು.

ಈ ವಿವರಗಳು ನಮಗೆ ದೊರೆತಿರುವುದು ವಿಮಾನಗಳ ಧ್ವನಿಮುದ್ರಣಗಳಿಂದ. ಶಾಸನವನ್ನು ಓದುವಂತೆಯೇ ಇವುಗಳನ್ನೂ ಓದಬೇಕಾಗುತ್ತದೆ. ಗೋಪುರದಿಂದ ಹೊರಟ ಮಾತೊಂದು, ಕಿವಿ ಮುಟ್ಟಿದ್ದು ಇನ್ನೊಂದು. ಮುದ್ರಿಕೆಯನ್ನು ನೋಡದೆ ಆಜ್ಞೆಯೊಂದನ್ನೇ ನೋಡಿದವನು ಚಾಲಕನು ಅದನ್ನು ಉಲ್ಲಂಘಿಸಿದನೆಂದು ಬರೆದುಬಿಡಬಹುದು. ಎಂಜಿನಿಯರನ ಪ್ರಶ್ನೆಯಾದರೋ ಸ್ಪಷ್ಟವಾಗಿಯೇ ಕೇಳಿಸಿತು. ಅಲ್ಲಿ ಸೋತದ್ದು ಯಂತ್ರವಲ್ಲ. ಆ ದುರಂತದ ಬಳಿಕ ರೇಡಿಯೋ ಮಾತಿನ ಪದಗಳನ್ನು ಬಿಗಿಗೊಳಿಸಿದರು; ಕಿರಿಯರ ಸಂಶಯಕ್ಕೆ ಹಿರಿಯರು ಕಿವಿಗೊಡುವ ತರಬೇತಿಯೂ ಬೆಳೆಯಿತು. ಗಾಸ್‌ಪೋರ್ಟಿನ ಕೊಳವೆಯಿಂದ ಇಂದಿನ ಫಲಕದವರೆಗೆ ಯಂತ್ರವು ಮಾತನ್ನು ಎರಡು ದಿಕ್ಕಿಗೂ ಒಯ್ಯಲು ಕಲಿತಿದೆ. ಬಂದ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳುವ ಹೊಣೆ ಮಾತ್ರ ಕುಳಿತಿರುವವರದೇ ಆಗಿದೆ.