ಕೋವಿ ಬಿಚ್ಚುವ ಮುನ್ನ

ಮಹಾನವಮಿಯ ಮುಂಜಾವು. ಪಟ್ಟಣದ ಮನೆಗಳಲ್ಲಿ ಗೃಹಿಣಿಯರು ಹೊಲಿಗೆಯ ಯಂತ್ರವನ್ನು ಒರೆಸಿ ಎಣ್ಣೆ ಬಿಡುತ್ತಿರುವಾಗ, ಮಕ್ಕಳು ಸೈಕಲ್ಲಿನ ಹಿಡಿಗೆ ಚೆಂಡುಹೂವಿನ ಮಾಲೆ ಸುತ್ತುತ್ತಿರುವಾಗ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಪಾಳಾದಂತಹ ಊರುಗಳ ಕೆಲವು ಜಗಲಿಗಳ ಮೇಲೆ ಬೇರೊಂದು ಬಗೆಯ ಆಯುಧಪೂಜೆಗೆ ಸಿದ್ಧತೆ ನಡೆದಿರುತ್ತದೆ. ಗೋಣಿಚೀಲದ ಮೇಲೆ ಹಳೆಯ ಪಂಚೆಯ ತುಂಡು ಹಾಸಿದೆ. ಬದಿಯಲ್ಲಿ ಬಿಸಿನೀರಿನ ಬಕೀಟು, ಎಣ್ಣೆಯ ಬಟ್ಟಲು, ಹರಿದ ಬಟ್ಟೆಯ ಚೂರುಗಳು. ನಡುವೆ ಕೋವಿ. ಉತ್ಸಾಹ ತಡೆಯಲಾರದೆ ಮಗನು ಅದರ ಕುದುರೆಯ ಮೇಲೆ ಬೆರಳಿಟ್ಟರೆ ತಂದೆ ಸುಮ್ಮನಿರುವುದಿಲ್ಲ.

“ಕೈ ತಗಿ ತಮ್ಮಾ. ಬರಿದೈತೋ ಇಲ್ಲೋ ಮದ್ಲ ನೋಡು.”

“ಹ್ವಾದ ವರ್ಷ ಬರಿದು ಮಾಡೇ ಇಟ್ಟೇವಲ್ಲಪ್ಪಾ?”

“ಹ್ವಾದ ವರ್ಷದ ಮಾತು ಕೋವಿಗೆ ಗೊತ್ತಿಲ್ಲ.”

ಕೋವಿಯನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸುವ ವಿದ್ಯೆಯ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಕೊಳೆಯಾದ ಕೋವಿ ಕೆಟ್ಟೀತು. ಆದರೆ ಬರಿದೆಂದು ನಂಬಿದ ಕೋವಿ ಮನೆಯನ್ನೇ ಕೆಡಿಸೀತು.

ಕಾಡಿನಂಚಿನ ಕಾವಲು

ಮುಂಡಗೋಡ ಸೀಮೆಯು ಮಲೆನಾಡು ಬಯಲುನಾಡಿಗೆ ಕೈಚಾಚುವ ನೆಲ. ಒಂದು ಕಡೆ ತೇಗ, ಮತ್ತಿ, ನಂದಿಗಳ ಕಾಡು. ಇನ್ನೊಂದು ಕಡೆ ಭತ್ತದ ಗದ್ದೆ, ಗೋವಿನಜೋಳದ ಹೊಲ. ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ದಾಂಡೇಲಿಯ ಕಡೆಯ ಕಾಡುಗಳಿಂದ ಆನೆಗಳೂ ಈ ಭಾಗಕ್ಕೆ ಬರುವುದುಂಟು. ಆರು ತಿಂಗಳ ದುಡಿಮೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ರೈತನಿಗೆ ಸಮಾಧಾನ ಹೇಳುವುದು ಸುಲಭವಲ್ಲ. ಆದುದರಿಂದಲೇ ಹೊಲದ ನಡುವೆ ಮಾಳ ಕಟ್ಟಿ, ಬೆಂಕಿ ಹಾಕಿ, ಡಬ್ಬ ಬಡಿದು ಕಾಯುವ ಪದ್ಧತಿ ಬೆಳೆದುಬಂದಿದೆ. ಆ ಕಾವಲಿನ ಕೊನೆಯ ಆಸರೆ ಕೋವಿಯ ಸದ್ದು.

ಸದ್ದು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಯಲ್ಲಿರುವಾಗ, ಕೋವಿಯ ಪರವಾನಗಿ ದೊರೆತ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕು ದೊರೆತಂತಾಗಲಿಲ್ಲ. ಬರಿಯ ಮದ್ದಿನ ಗರ್ಜನೆಯಿಂದ ಹಿಂಡನ್ನು ಹಿಮ್ಮೆಟ್ಟಿಸುವುದು ರೈತನ ಪಾಲಿನ ಉಪಾಯ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆಯ ರಕ್ಷಣೆಗೆಂದು ಹೆಸರಿಸುವುದು ಬಾಯಿಯ ಕಡೆಯಿಂದ ಮದ್ದು ತುಂಬುವ ಕೋವಿಯನ್ನು. ನಮ್ಮ ಜನ ಅದನ್ನು ಕೇಪಿನ ಕೋವಿ ಎನ್ನುತ್ತಾರೆ. ಹಿಂಬದಿಯಿಂದ ತೋಟಾ ತೂರಿಸುವ ತೋಟಾಕೋವಿ ಅದರ ತಮ್ಮ. ಪೊಲೀಸ್ ಅಧಿಕಾರಿಯ ಸೊಂಟದ ಪಿಸ್ತೂಲು ಅದೇ ವಂಶದ ಮರಿಮಗ.

ಬರಿದೋ, ತುಂಬಿದೆಯೋ?

ತೋಟಾಕೋವಿಯ ಸನ್ನೆಯನ್ನು ಸರಿಸಿ ಮುರಿದು ಹಿಡಿದರೆ ನಳಿಗೆಯ ಒಳಗೆಲ್ಲ ಬೆಳಕು ಹರಿಯುತ್ತದೆ. ತೋಟಾ ಇದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯು ಅಷ್ಟು ಸರಳ ಸ್ವಭಾವದ್ದಲ್ಲ. ಅದರ ತಳ ಮುಚ್ಚಿರುತ್ತದೆ. ಹೋದ ಸುಗ್ಗಿಯಲ್ಲಿ ತುಂಬಿದ ಈಡು ಸಿಡಿಯದೆ ಒಳಗೇ ಉಳಿದಿದ್ದರೆ ಹೊರಗಿನಿಂದ ನೋಡಿದವರಿಗೆ ತಿಳಿಯದು.

ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಬಹು ಸರಳ. ಮೊದಲು ಕೇಪು ಇದ್ದರೆ ತೆಗೆಯಬೇಕು. ಕೋವಿಯ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ತನ್ನ ಮುಖವನ್ನೂ ಕೈಯನ್ನೂ ಅದರ ನೇರಕ್ಕೆ ತಾರದೆ, ಗಜವನ್ನು ಒಳಗಿಳಿಸಬೇಕು. ಅದು ನಿಂತ ಮೇಲೆ ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರತೆಗೆದು, ನಳಿಗೆಯ ಹೊರಮೈಗೆ ತಾಗಿಸಿ ಅಳೆಯಬೇಕು. ಗಜದ ತುದಿ ತಳದವರೆಗೆ ಬಂದರೆ ಕೋವಿ ಬರಿದು. ಕೆಲವು ಬೆರಳಗಲ ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಬರಿದಾದ ಕೋವಿಯ ಅಳತೆಗೆ ಗಜದ ಮೇಲೆ ಗೀರು ಹಾಕಿಟ್ಟುಕೊಂಡ ಜಾಣರೂ ಉಂಟು. ಒಳಗೆ ಈಡು ಉಳಿದಿದ್ದರೆ ಕೆದಕುವ ಸಾಹಸಕ್ಕೆ ಹೋಗದೆ ತಿಳಿದವರ ಕೈಗೆ ಒಪ್ಪಿಸುವುದೇ ವಿವೇಕ.

ಒಳಗಿರುವುದು ಈಡೇ ಆಗಿರಬೇಕೆಂದಿಲ್ಲ. ಸಣ್ಣ ತೂತು ಕಂಡಲ್ಲೆಲ್ಲ ಮಣ್ಣಿನ ಗೂಡು ಕಟ್ಟುವ ಕಣಜವು ಮೂಲೆಯಲ್ಲಿ ನಿಂತ ಕೋವಿಯ ನಳಿಗೆಯನ್ನೂ ಬಿಡುವುದಿಲ್ಲ. ಒಳಗೆ ಮಣ್ಣಿನ ಬಿರಡೆ ಇರುವ ಕೋವಿಯನ್ನು ಹಾರಿಸಿದರೆ, ಮುಂದೆ ಹೋಗಬೇಕಾದ ಅನಿಲಕ್ಕೆ ದಾರಿ ಸಾಲದೆ ನಳಿಗೆಯೇ ಒಡೆಯಬಹುದು. ಹಂದಿಯನ್ನು ಬೆದರಿಸಹೋದವನು ತನ್ನ ಕೈಬೆರಳುಗಳನ್ನು ಕಳೆದುಕೊಳ್ಳುವುದು ಹೀಗೆ.

ಬಿಸಿನೀರಿನ ಮಹಿಮೆ

ಬರಿದೆಂದು ಖಚಿತವಾದ ಮೇಲೆ ಬಿಚ್ಚುವ ಕೆಲಸ. ನಳಿಗೆಯನ್ನು ಮರಕ್ಕೆ ಬಿಗಿದ ಕೀಲು ಅಥವಾ ಪಟ್ಟಿಯನ್ನು ಸಡಿಲಿಸಿದರೆ ನಳಿಗೆ ಕೈಗೆ ಬರುತ್ತದೆ. ಕೇಪು ಕೂರುವ ಪುಟ್ಟ ಕೊಳವೆಯನ್ನು ಅದರ ಚಾವಿಯಿಂದ ತಿರುಗಿಸಿ ತೆಗೆಯಬೇಕು. ತೆಗೆದ ಪ್ರತಿಯೊಂದು ಭಾಗವನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಈ ಸಾಲು ತಪ್ಪಿದವನು ಸಂಜೆಯವರೆಗೂ ಗೋಣಿಚೀಲ ಕೊಡವುತ್ತ ತಿರುಪು ಹುಡುಕಬೇಕಾದೀತು.

ಇನ್ನು ತೊಳೆಯುವುದು. ಕಬ್ಬಿಣಕ್ಕೆ ನೀರು ವೈರಿಯೆಂದು ಎಲ್ಲರೂ ಬಲ್ಲರು. ಕರಿಮದ್ದಿನ ಕೋವಿಯನ್ನು ಮಾತ್ರ ನೀರಿನಿಂದಲೇ ತೊಳೆಯಬೇಕು. ಇದರ ಗುಟ್ಟು ಮದ್ದಿನಲ್ಲಿದೆ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಸೇರಿದ ಈ ಮಿಶ್ರಣ ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲೇ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಹೊಗೆಯಾಗಿ ಹಾರಿದರೆ, ಮಿಕ್ಕದ್ದು ನಳಿಗೆಯ ಒಳಮೈಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಈ ಕರಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿ, ಕಬ್ಬಿಣವನ್ನು ಒಳಗೊಳಗೇ ತಿನ್ನತೊಡಗುತ್ತವೆ. ಮೇಲೆ ಎಷ್ಟು ಎಣ್ಣೆ ಸವರಿದರೂ ಅವು ಕರಗುವುದಿಲ್ಲ; ನೀರಿಗೆ ತಕ್ಷಣ ಕರಗುತ್ತವೆ.

ಆದುದರಿಂದ ನಳಿಗೆಯ ತಳವನ್ನು ಬಿಸಿನೀರಿನ ಬಕೀಟಿನಲ್ಲಿಟ್ಟು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಪಿಚಕಾರಿಯಂತೆ ನೀರು ಏರಿ ಇಳಿಯುತ್ತದೆ. ಮೊದಲ ನೀರು ಮಸಿಯಂತೆ ಕಪ್ಪು, ಎರಡನೆಯದು ಬೂದಿಬಣ್ಣ, ನಾಲ್ಕನೆಯದೋ ಐದನೆಯದೋ ತಿಳಿ. ನೀರು ಬಿಸಿಯಾಗಿದ್ದಷ್ಟೂ ಒಳ್ಳೆಯದು. ಕಾದ ಕಬ್ಬಿಣ ತನ್ನ ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ಅನಂತರ ಒಣಬಟ್ಟೆ, ಆಮೇಲೆ ತೆಳುವಾಗಿ ಎಣ್ಣೆ. ಕೊಬ್ಬರಿಯೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆಯ ಯಂತ್ರದ ಎಣ್ಣೆ ಮೇಲು. ಎಣ್ಣೆ ಮಿತಿಮೀರಿದರೂ ಕೇಡೇ. ತಳದಲ್ಲಿ ನಿಂತ ಎಣ್ಣೆ ಮುಂದೆ ತುಂಬುವ ಮದ್ದನ್ನು ನೆನೆಸಿ, ಬೇಕಾದ ಗಳಿಗೆಯಲ್ಲಿ ಕೇಪು ಮಾತ್ರ ಸಿಡಿದು ಕೋವಿ ಮೂಕವಾಗುತ್ತದೆ.

ಜೋಡಿಸುವ ಕ್ರಮ

ಜೋಡಿಸುವ ಮೊದಲು ಒಂದು ಲೆಕ್ಕವಿದೆ: ಒಳಗೆ ಹೋದ ಬಟ್ಟೆ ಎಷ್ಟು, ಹೊರಗೆ ಬಂದ ಬಟ್ಟೆ ಎಷ್ಟು? ಒಂದು ಚೂರು ಒಳಗುಳಿದರೂ ಅದು ಕಣಜದ ಗೂಡಿನಷ್ಟೇ ಅಪಾಯಕಾರಿ. ಲೆಕ್ಕ ಸರಿಹೋದ ಮೇಲೆ ಕೊಳವೆ, ನಳಿಗೆ, ಕೀಲು. ಬಿಗಿದದ್ದು ಅಲುಗಬಾರದು, ಅಲುಗಬೇಕಾದ ಕುದುರೆ ಬಿಗಿಯಾಗಿರಬಾರದು. ಕೊನೆಗೆ ಮತ್ತೊಮ್ಮೆ ಗಜದ ಅಳತೆ.

ಆಯುಧ ಬದಲಾದರೂ ಈ ಕ್ರಮ ಬದಲಾಗುವುದಿಲ್ಲ. ಇಛಾಪುರದ ಬಂದೂಕು ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರಿನ ಪಿಸ್ತೂಲನ್ನು ಬಿಚ್ಚುವ ಸಿಪಾಯಿಯೂ ಮೊದಲು ಗುಂಡಿನ ಪೆಟ್ಟಿಗೆಯನ್ನು ಕೆಳಗೆಳೆಯುತ್ತಾನೆ. ಅಲ್ಲಿಗೆ ಪಿಸ್ತೂಲು ಬರಿದಾಯಿತೆಂದು ಬಗೆದವನು ಮೋಸಹೋದ; ನಳಿಗೆಯ ಬುಡದಲ್ಲಿ ಒಂದು ಗುಂಡು ಕುಳಿತಿರಬಹುದು. ಆದ್ದರಿಂದ ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆಳೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆಯೇ ಪಟ್ಟಿ, ಸುರುಳಿ, ನಳಿಗೆಗಳನ್ನು ಬೇರ್ಪಡಿಸುತ್ತಾನೆ. ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದು ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ, ‘ತೋಕ್ ಪೂ’ ಎಂದು ಕರೆಯುವ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಪೂಜೆಗೆ ಮುನ್ನ ಶುಚಿ, ಶುಚಿಗೆ ಮುನ್ನ ಪರೀಕ್ಷೆ. ಸಂಪ್ರದಾಯವೂ ಸುರಕ್ಷತೆಯೂ ಇಲ್ಲಿ ಒಂದೇ ದಾರಿಯಲ್ಲಿ ನಡೆದಿವೆ.

ಠಾಣೆಯಿಂದ ಮರಳಿದ ಕೋವಿ

ಕೋವಿಗೂ ಸರಕಾರಕ್ಕೂ ಇರುವ ನಂಟು ಹಳೆಯದು. 1857ರಲ್ಲಿ ಜನರ ಆಯುಧಗಳನ್ನು ಕಸಿಯುವ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಪ್ರತಿಭಟಿಸಿ ಪ್ರಾಣವನ್ನೇ ತೆತ್ತರು. ಲಾವಣಿಗಳು ಇಂದಿಗೂ ಅವರನ್ನು ನೆನೆಯುತ್ತವೆ. ಇಂದಿನ ರೈತನಿಗೆ ಅಂತಹ ಕದನವಿಲ್ಲ, ಆದರೆ ಚಿಕ್ಕದೊಂದು ಚಿಂತೆಯುಂಟು. ಚುನಾವಣೆ ಘೋಷಣೆಯಾದಾಗ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಇರಿಸಿಕೊಳ್ಳುವುದು ವಾಡಿಕೆ. ಶಾಂತಿಯ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ. ಆದರೆ ವಾರಗಟ್ಟಲೆ ಯಾರ ಕೈಯೂ ಸೋಕದೆ ಗೋಡೆಗೊರಗಿದ ಕೋವಿಗೆ ತುಕ್ಕು ಹಿಡಿಯಲು ಯಾವ ಅಪ್ಪಣೆಯೂ ಬೇಕಿಲ್ಲ. 2023ರಲ್ಲಿಯೂ 2024ರಲ್ಲಿಯೂ ಕರ್ನಾಟಕದಲ್ಲಿ ಮತದಾನ ನಡೆದದ್ದು ಬೇಸಗೆಯ ಕೊನೆಗೆ. ಅದರ ಬೆನ್ನಿಗೇ ಮಳೆಗಾಲ.

ಒಪ್ಪಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದು ಒಳಗೂ ಹೊರಗೂ ಗಟ್ಟಿ ಗ್ರೀಸು ಹಚ್ಚಿಕೊಟ್ಟ ರೈತನ ಕೋವಿ ಬಹುಮಟ್ಟಿಗೆ ಹೋದಂತೆಯೇ ಮರಳುತ್ತದೆ. ಮರಳಿದ ಕೋವಿಯನ್ನು ನೇರ ಹೊಲಕ್ಕೆ ಒಯ್ಯದೆ ಮೊದಲು ಜಗಲಿಗೆ ತರಬೇಕು. ನಡುವೆ ಎಷ್ಟು ಕೈ ದಾಟಿತೋ, ಬಾಯಿಯೊಳಗೆ ಏನು ಸೇರಿತೋ ಬಲ್ಲವರಾರು? ಮತ್ತೆ ಗಜ, ಮತ್ತೆ ಅಳತೆ.

ನವಮಿಯ ಮಧ್ಯಾಹ್ನದ ಹೊತ್ತಿಗೆ ಕೋವಿ ದೇವರ ಮುಂದೆ ಇರುತ್ತದೆ. ನಳಿಗೆಗೆ ಅರಿಸಿನ, ಕುಂಕುಮ, ಒಂದು ಎಸಳು ಚೆಂಡುಹೂ. ಮಂಗಳಾರತಿಯಾದ ಮೇಲೆ ಅದನ್ನು ಕಪಾಟಿನೊಳಗಿಟ್ಟು ಬೀಗ ಹಾಕುವ ಮುನ್ನ ಮಗನು ಯಾರೂ ಹೇಳದೆಯೇ ಗಜವನ್ನು ಎತ್ತಿಕೊಂಡು ಇನ್ನೊಮ್ಮೆ ಒಳಗಿಳಿಸಿ ನೋಡಿದನೆಂದರೆ, ತಂದೆಗೆ ಆ ವರ್ಷದ ಆಯುಧಪೂಜೆ ಸಾರ್ಥಕವಾದಂತೆ.