ಸೆರಗು ಮತ್ತು ಶಾಫ್ಟ್

ದೀಪಾವಳಿ ಹತ್ತಿರವಾಯಿತೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಗೋವಿನಜೋಳದ ರಾಶಿ ಶುರು. ಮೋಟೆಬೆನ್ನೂರಿನ ಆಚೀಚೆ ಹೆದ್ದಾರಿಯ ಸರ್ವಿಸ್ ರಸ್ತೆಯೂ ಕಣವೇ ಆಗುತ್ತದೆ. ಟ್ರ್ಯಾಕ್ಟರ್ ಹಿಂದೆ ರಾಶಿ ಮಷಿನ್, ಅದರ ಸುತ್ತ ತೆನೆ ಹಾಕುವವರು, ಚೀಲ ಹಿಡಿಯುವವರು, ಬೆಂಡು ಗೋರುವವರು. ಅವರಲ್ಲಿ ಸೀರೆಯುಟ್ಟ ಹೆಣ್ಣುಮಕ್ಕಳೂ ಇರುತ್ತಾರೆ, ಹೆಗಲಿಗೆ ಟವೆಲ್ ಹಾಕಿಕೊಂಡ ಗಂಡಸರೂ ಇರುತ್ತಾರೆ. ಟ್ರ್ಯಾಕ್ಟರಿಗೂ ಮಷಿನ್ನಿಗೂ ನಡುವೆ, ಮೊಣಕಾಲೆತ್ತರದಲ್ಲಿ, ಎಂಜಿನ್ನಿನ ಶಕ್ತಿಯನ್ನು ಮಷಿನ್ನಿಗೆ ದಾಟಿಸುವ ಪಿಟಿಒ ಶಾಫ್ಟ್ ತಿರುಗುತ್ತಿರುತ್ತದೆ. ಎಷ್ಟೋ ಕಡೆ ಅದರ ಮೇಲೆ ಕವರ್ ಇರುವುದಿಲ್ಲ.

ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಶಾಫ್ಟ್ ಬರೀ 5 ಸೆಂಟಿಮೀಟರ್ ದಪ್ಪ ಎಂದುಕೊಂಡರೂ ಒಂದು ಸೆಕೆಂಡಿನಲ್ಲಿ ಹತ್ತಿರಹತ್ತಿರ ಒಂದೂವರೆ ಮೀಟರ್ ಬಟ್ಟೆಯನ್ನು ಒಳಗೆಳೆಯುತ್ತದೆ. ಸೆರಗನ್ನೋ ಟವೆಲ್ಲನ್ನೋ ಮೊದಲು ಹಿಡಿಯುವುದು ಜಾಯಿಂಟಿನ ಹತ್ತಿರ ಹೊರಚಾಚಿದ ಬೋಲ್ಟು, ಪಿನ್ನು. ಒಂದು ಸುತ್ತಿನ ಮೇಲೆ ಇನ್ನೊಂದು ಕೂತರೆ ಬಿಗಿತವೂ ಹೆಚ್ಚು, ಸುತ್ತಳತೆಯೂ ಹೆಚ್ಚು. ಚಾಲಕ ಕ್ಲಚ್ಚಿಗೆ ಕಾಲಿಡುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ.

ಕಡಲಿನವರಿಗೆ ಈ ಸುತ್ತಿಕೊಳ್ಳುವ ಕಾಟ ಚೆನ್ನಾಗಿ ಗೊತ್ತು. ಮಲ್ಪೆ, ಗಂಗೊಳ್ಳಿಯ ಬೋಟಿನ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ತೇಲುವ ಹಗ್ಗವೋ ಹರಿದ ಬಲೆಯೋ ಸಿಕ್ಕಿದರೆ ಬೋಟು ನಡುನೀರಲ್ಲಿ ನಿಂತುಬಿಡುತ್ತದೆ. ನೈಲಾನ್ ಆದರೆ ತಿಕ್ಕಾಟದ ಬಿಸಿಗೆ ಕರಗಿ ಶಾಫ್ಟಿಗೇ ಅಂಟುತ್ತದೆ. ಆಮೇಲೆ ಚೂರಿ ಹಿಡಿದು ನೀರಿಗೆ ಇಳಿಯಬೇಕು. ಇದಕ್ಕೆಂದೇ ಹಗ್ಗ ಕತ್ತರಿಸುವ ಕಟ್ಟರುಗಳಿವೆ. ಒಂದು ಬಗೆಯದು ಫ್ಯಾನಿನ ಮುಂದೆ ಶಾಫ್ಟಿಗೆ ಬಿಗಿಯುವ ಹರಿತವಾದ ತಟ್ಟೆ. ಇನ್ನೊಂದರಲ್ಲಿ ಒಂದು ಅಲಗು ಶಾಫ್ಟಿನೊಡನೆ ತಿರುಗುತ್ತದೆ, ಇನ್ನೊಂದು ಬೇರಿಂಗಿನ ಕವಚಕ್ಕೆ ಕೂತು ಅಲುಗಾಡದೆ ಇರುತ್ತದೆ. ನಡುವೆ ಬಂದ ಹಗ್ಗ ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಶಾಫ್ಟಿನ ದಪ್ಪ, ಫ್ಯಾನಿಗೂ ಬೇರಿಂಗಿಗೂ ನಡುವಿನ ಜಾಗ, ಎರಡನ್ನೂ ಸರಿಯಾಗಿ ಅಳೆದೇ ಕೂರಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು, ದಡ ಸೇರಿದ ಬೋಟಿಗೆ ಇಂಥ ಕೆಲಸ ಮಾಡಿಸಲು ಅದು ತಕ್ಕ ಹೊತ್ತು.

ನೀರಿನಡಿ ಮನುಷ್ಯರು ಓಡಾಡುವುದಿಲ್ಲ, ಆದ್ದರಿಂದ ಅಲ್ಲಿ ಶಾಫ್ಟಿಗೆ ಅಲಗು ಕಟ್ಟಬಹುದು. ನಮ್ಮ ಕಣದಲ್ಲಿ ಶಾಫ್ಟನ್ನು ಮುಚ್ಚುವುದೊಂದೇ ದಾರಿ. ಒಕ್ಕುವ ಯಂತ್ರಗಳ ಅನಾಹುತ ತಡೆಯಲೆಂದು 1983ರಲ್ಲೇ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆ ಬಂದಿದೆ. ಆದರೆ ಬಾಡಿಗೆಗೆ ಊರೂರು ಸುತ್ತುವ ಮಷಿನ್ನಿನ ಕವರು ಒಡೆದಿದೆಯೇ ಎಂದು ನೋಡಬೇಕಾದವರು ಅದರ ಮಾಲೀಕರೇ, ಅದನ್ನು ಕರೆಸಿದ ರೈತರೇ. ಗ್ರೀಸ್ ಹೊಡೆಯಲು ಅಡ್ಡ ಬಂತೆಂದು ಕವರನ್ನು ಕೊಯ್ದು ಎಸೆಯುವುದು ನನಗೆ ಸಹಿಸಲಾಗದ ಅಭ್ಯಾಸ. ಉಳಿಯುವುದು ನಿಮಿಷಗಳು, ಹೋಗುವುದು ಕೈ, ಕೆಲವೊಮ್ಮೆ ಜೀವ.

ಕವರಿನ ಕೆಲಸ ಸರಳ. ಶಾಫ್ಟು ಒಳಗೆ ತಿರುಗಬೇಕು, ಕವರು ನಿಂತಲ್ಲೇ ನಿಲ್ಲಬೇಕು. ಅದಕ್ಕೇ ಅದರ ತುದಿಗಳಲ್ಲಿ ಸಣ್ಣ ಸರಪಳಿ ಕೊಟ್ಟಿರುತ್ತಾರೆ. ಒಂದನ್ನು ಟ್ರ್ಯಾಕ್ಟರಿಗೆ, ಇನ್ನೊಂದನ್ನು ಮಷಿನ್ನಿಗೆ ಸಿಕ್ಕಿಸಬೇಕು. ರಾಶಿಗೆ ಮುಂಚೆ ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಸರಪಳಿ ಬಿಚ್ಚಿ ಕವರನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸರಪಳಿ ಮತ್ತೆ ಸಿಕ್ಕಿಸಿ. ಹಿಡಿದುಕೊಂಡರೆ ಅದರ ಬೇರಿಂಗಿಗೆ ಗ್ರೀಸ್ ಬೇಕು. ಬಿರುಕು ಬಿಟ್ಟಿದ್ದರೆ ಹೊಸದು ತಂದು ಹಾಕಿದ ಮೇಲೆಯೇ ಆ ಮಷಿನ್ನಿಗೆ ತೆನೆ ಹಾಕಿ.